ಅರ್ಧ ಮನೆಯನ್ನು ಎತ್ತಲು ಬರುವುದಿಲ್ಲವಾದ್ದರಿಂದ

ದಿನಾಂಕ: 27-07-2025, ಭಾನುವಾರ
ಸ್ಥಳ: ಮಾಧವರಂ, ಚೆನ್ನೈ

ಇಂದ,
ಶ್ರೀಮತಿ ಶ್ರೀಪ್ರಿಯಾ ಗುರುಚರಣ, ವಯಸ್ಸು 43,
ಅಳತೆ ತಪಾಸಣೆ ವಿಭಾಗ, ಅಂಬತ್ತೂರಿನ ಒಂದು ಯಂತ್ರಭಾಗಗಳ ಕಾರ್ಖಾನೆ,
ವಾಸ: ಮನೆ ನಂ. 9, ಪಶ್ಚಿಮದ ಅರ್ಧ.

ಗೆ,
ಶ್ರೀ ವಿಷ್ಣುತೀರ್ಥರು, ನಿವೃತ್ತ ಕಚೇರಿ ಅಧೀಕ್ಷಕರು,
(ಅರ್ಜಿದಾರಳ ಪತಿಯ ಅಣ್ಣ),
ವಾಸ: ಮನೆ ನಂ. 9, ಪೂರ್ವದ ಅರ್ಧ.
ನಡುವಿನ ಅಂತರ: ನಾಲ್ಕೂವರೆ ಇಂಚಿನ ಗೋಡೆ.

ವಿಷಯ: ಮನೆ ನಂ. 9ರ ಪೂರ್ವದ ಅರ್ಧವನ್ನು ಪಶ್ಚಿಮದ ಅರ್ಧದ ಜೊತೆಯಲ್ಲೇ, ಅದೇ ದಿನ, ಅದೇ ಹೊತ್ತಿಗೆ ನಾಲ್ಕು ಅಡಿ ಮೇಲಕ್ಕೆತ್ತಲು ಒಪ್ಪಿಗೆ ಕೋರಿ.

ಉಲ್ಲೇಖ:
1. ದಿನಾಂಕ 15-06ರಂದು ಹಿತ್ತಲಿನಲ್ಲಿ ಬಟ್ಟೆ ಒಣಗಿಸುವಾಗ ಅರ್ಜಿದಾರಳು ಮಾಡಿದ ಮೌಖಿಕ ವಿನಂತಿ ಮತ್ತು ಅದಕ್ಕೆ "ಎಲ್ಲಾ ಬರವಣಿಗೆಯಲ್ಲಿ ಕೊಡಮ್ಮಾ" ಎಂಬ ತಮ್ಮ ಮೌಖಿಕ ಆದೇಶ.
2. ದಿನಾಂಕ 22-06ರ ಅರ್ಜಿ; ವಿಷಯದ ಸಾಲು ಇಲ್ಲವೆಂದು ಕಿಟಕಿಯ ಸರಳಿನ ಸಂದಿಯಿಂದ ಹಿಂದಿರುಗಿಸಲಾದದ್ದು.
3. ರಸ್ತೆಯನ್ನು ತಗ್ಗಿಸಬೇಕೆಂದು ತಾವು ಸಂಬಂಧಪಟ್ಟ ಕಚೇರಿಗೆ ಹನ್ನೊಂದು ವರ್ಷಗಳಲ್ಲಿ ಬರೆದ ಮೂವತ್ತೆಂಟು ಮನವಿಗಳು.

ಮಾನ್ಯ ಭಾವನವರೇ,

ಅರ್ಜಿದಾರಳು ತಮ್ಮನ್ನು ದಿನಕ್ಕೆ ನಾಲ್ಕು ಸಲವಾದರೂ ಕಾಣುತ್ತಾಳೆ. ತಮ್ಮ ಶ್ರೀಮತಿ ನೀರಜಕ್ಕನ ಕೈಯ ಸಾರನ್ನು ವಾರಕ್ಕೆರಡು ಸಲ ಉಣ್ಣುತ್ತಾಳೆ. ಆದರೂ ಕಾಗದದಲ್ಲಿಲ್ಲದ ಸಂಗತಿ ನಡೆದೇ ಇಲ್ಲ ಎಂಬುದು ತಮ್ಮ ಸೇವಾವಧಿಯ ನಿಲುವಾಗಿರುವ ಕಾರಣ, ಮತ್ತು "ಇಂಗ್ಲಿಷು ಆಫೀಸಿಗೆ, ತಮಿಳು ಬೀದಿಗೆ, ಮನೆ ವಿಷಯ ಮಾತ್ರ ಕನ್ನಡದಲ್ಲೇ ಬರಬೇಕು" ಎಂಬುದು ತಮ್ಮ ಷರತ್ತಾಗಿರುವ ಕಾರಣ, ಈ ಕೆಳಗಿನ ಅಂಶಗಳನ್ನು ತಮ್ಮ ಅವಗಾಹನೆಗೆ ತರಲಾಗಿದೆ.

1. ಸದರಿ ಮನೆಯನ್ನು ಮಾವನವರು 1989ರಲ್ಲಿ ಕಟ್ಟಿಸಿದರು. ಆಗ ರಸ್ತೆಯಿಂದ ಜಗುಲಿಗೆ ಮೂರು ಮೆಟ್ಟಿಲು ಹತ್ತಬೇಕಿತ್ತು. ಒಂದೊಂದೂ ಏಳು ಇಂಚು, ಒಟ್ಟು ಇಪ್ಪತ್ತೊಂದು. ಆಮೇಲೆ ರಸ್ತೆಗೆ ಒಂಬತ್ತು ಸಲ ಡಾಂಬರು, ಎರಡು ಸಲ ಕಾಂಕ್ರೀಟು ಬಿತ್ತು. ಹಳೆಯ ಪದರವನ್ನು ಒಮ್ಮೆಯೂ ಕೆರೆದು ತೆಗೆಯಲಿಲ್ಲ. ಅರ್ಜಿದಾರಳು ಕಾರ್ಖಾನೆಯಿಂದ ತಂದ ಮಟ್ಟದ ಕೊಳವೆಯಿಂದ ಮೂರು ಸಲ ಅಳೆದಂತೆ, ಈಗ ಮನೆಯ ನೆಲ ರಸ್ತೆಗಿಂತ ಹದಿನಾಲ್ಕು ಇಂಚು ಕೆಳಗಿದೆ. ಅಂದರೆ ಮೂವತ್ತಾರು ವರ್ಷಗಳಲ್ಲಿ ರಸ್ತೆ ಮೂವತ್ತೈದು ಇಂಚು ಬೆಳೆದಿದೆ. ಈ ಬೀದಿಯಲ್ಲಿ ಹುಟ್ಟಿದ ಮಕ್ಕಳಲ್ಲಿ ಕೆಲವರು ಇಷ್ಟು ಕ್ರಮಬದ್ಧವಾಗಿ ಬೆಳೆದಿಲ್ಲ.

2. ಬೀದಿಯಲ್ಲಿ ಒಟ್ಟು ಹದಿನಾಲ್ಕು ನಿವೇಶನಗಳು. ಐದನ್ನು ಬಿಲ್ಡರುಗಳು ಕೆಡವಿ, ಕಂಬಗಳ ಮೇಲೆ ಫ್ಲ್ಯಾಟು ಎಬ್ಬಿಸಿದ್ದಾರೆ. ಅಲ್ಲಿ ಕೆಳಗೆ ಕಾರು, ಮೇಲೆ ಜನ. ಏಳು ಮನೆಗಳವರು ಗೋಡೆಗಳ ಬುಡಕ್ಕೆ ಲಾರಿ ಎತ್ತುವಂಥ ಜಾಕಿ ಕೊಟ್ಟು ತಮ್ಮ ಮನೆಗಳನ್ನು ಎತ್ತಿಸಿಕೊಂಡಿದ್ದಾರೆ. ಮನೆ ಬಾಡಿಗೆಗೆ ಕೊಡಿಸುವ ಬ್ರೋಕರು ಈಗ ಬಾಲ್ಕನಿ, ಗಾಳಿ, ಬೆಳಕಿನ ಮಾತು ಬಿಟ್ಟು "ರೋಡ್ ಲೆವೆಲ್‌ಗಿಂತ ಮೂರಡಿ ಮೇಲೆ" ಎಂದು ಬೋರ್ಡಿನಲ್ಲಿ ಬರೆಯುತ್ತಾನೆ. ರಸ್ತೆಗಿಂತ ಕೆಳಗೆ ಉಳಿದಿರುವುದು ಎರಡೇ ಮನೆ: ನಮ್ಮದು, ಮತ್ತು ಬೀದಿಯ ಕೊನೆಯಲ್ಲಿ ಹಪ್ಪಳ, ಹುಳಿಪುಡಿ ಮಾಡಿ ಮಾರುವ ಭೀಮಾಬಾಯಿಯವರ ಶೀಟಿನ ಮನೆ. ಹನ್ನೆರಡು ಮನೆಗಳು ಬೇಡವೆಂದ ನೀರು ಎಲ್ಲಿಗಾದರೂ ಹೋಗಲೇಬೇಕಾದ ಕಾರಣ, ಅದು ಈ ಎರಡಕ್ಕೆ ಬರುತ್ತದೆ.

ನಮ್ಮದನ್ನೂ ಬಿಲ್ಡರು ಕೇಳಿದ್ದುಂಟು. ಅಣ್ಣತಮ್ಮಂದಿರ 2013ರ ಪಾಲಿನಲ್ಲಿ ಹಜಾರದ ನಡುವೆ ಗೋಡೆ ಎದ್ದು, ಫ್ಯಾನಿನ ಕೊಕ್ಕೆ ಸರಿಯಾಗಿ ಗೋಡೆಯೊಳಗೆ ಹೂತುಹೋಗಿರುವುದನ್ನು ನೋಡಿ, "ಎರಡು ಸಹಿ ಒಂದೇ ಕಾಗದದ ಮೇಲೆ ಬಿದ್ದ ದಿನ ಹೇಳಿಕಳಿಸಿ" ಎಂದು ಹೋದವನು ಮತ್ತೆ ಬಂದಿಲ್ಲ.

3. ಕಳೆದ ಡಿಸೆಂಬರಿನ ಮಳೆಯಲ್ಲಿ ಎರಡೂ ಅರ್ಧಗಳಲ್ಲಿ ಎರಡು ದಿನ ನೀರು ನಿಂತಿದ್ದು ತಮಗೆ ತಿಳಿದೇ ಇದೆ. ಫ್ಲ್ಯಾಟಿನವರು ಕಾರುಗಳನ್ನು ಮೇಲ್ಸೇತುವೆಯ ಮೇಲೆ ನಿಲ್ಲಿಸಿ ಬಂದು ಬಾಲ್ಕನಿಯಲ್ಲಿ ಕಾಫಿ ಕುಡಿಯುತ್ತಿದ್ದರು. ಆ ಹೊತ್ತಿನಲ್ಲಿ ತಾವು ತಮ್ಮ ಅರ್ಧದ ನೀರನ್ನು ಬಕೆಟ್ಟಿನಲ್ಲಿ ತುಂಬಿ ಹಿತ್ತಲಿಗೆ ಎಸೆಯುತ್ತಿದ್ದಿರಿ. ಅದು ಹಿತ್ತಲಿನಿಂದ ನಮ್ಮ ಅಡುಗೆಮನೆಗೆ ಬರುತ್ತಿತ್ತು. ಅರ್ಜಿದಾರಳ ಪತಿ ಅದನ್ನು ತುಂಬಿ ಮುಂಬಾಗಿಲಿಂದ ಆಚೆ ಹಾಕುತ್ತಿದ್ದರು. ಅದು ತಮ್ಮ ಜಗುಲಿಗೆ ಇಳಿಯುತ್ತಿತ್ತು. ಈ ಕೆಲಸ ಎರಡು ಗಂಟೆ ಹತ್ತು ನಿಮಿಷ ನಡೆಯಿತು. ಕೊನೆಗೆ ನೀರಜಕ್ಕ ಮಂಚದ ಮೇಲೆ ಕೂತಲ್ಲಿಂದ, "ಏನ್ರೀ, ಆಗ್ಲಿಂದ ನೋಡ್ತಾ ಇದೀನಿ, ಅಣ್ಣತಮ್ಮ ಇಬ್ರೂ ಅದೇ ನೀರನ್ನೇ ಸುತ್ತಿಸ್ತಾ ಇದೀರಿ. ಒಂದು ಸಲ ಅದರ ಮುಖ ನೋಡಿ, ಗುರುತು ಸಿಗತ್ತೆ" ಎಂದರು.

"ನಮ್ಮ ಅರ್ಧದ ನೀರಿಗೆ ನಾನು ಜವಾಬ್ದಾರ. ಆಚೆಯದು ನನಗೆ ಸಂಬಂಧವಿಲ್ಲ" ಎಂದು ತಾವು ಹೇಳಿದ್ದು ಗೋಡೆಯ ಈಚೆಗೂ ಕೇಳಿತು. ಅರ್ಜಿದಾರಳ ಪತಿ ತಮ್ಮೊಡನೆ ಮಾತು ಬಿಟ್ಟು ಆಗಲೇ ಹನ್ನೊಂದು ವರ್ಷವಾಗಿದ್ದ ಕಾರಣ ಉತ್ತರವನ್ನು ಅರ್ಜಿದಾರಳಿಗೆ ಹೇಳಿದರು: "ಆ ಕಡೆಯವರಿಗೆ ಸ್ವಲ್ಪ ಹೇಳು, ನೀರಿಗೆ ಪಾರ್ಟಿಷನ್ ಆಗಿಲ್ಲ ಅಂತ." ಅರ್ಜಿದಾರಳು ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದರಿಂದ ಆ ಸಂದೇಶವನ್ನು ಅಂದು ತಲುಪಿಸಲಾಗಲಿಲ್ಲ. ಈ ಮೂಲಕ ತಲುಪಿಸಲಾಗಿದೆ.

4. ಪಕ್ಕದ ಬೀದಿಯಲ್ಲಿ ಮನೆ ಎತ್ತುತ್ತಿರುವ ಜಾಕಿ ಮೇಸ್ತ್ರಿಯನ್ನು ಅರ್ಜಿದಾರಳು ಕರೆತಂದು ತೋರಿಸಿದಳು. ನಮ್ಮ ಅರ್ಧವನ್ನು ಮಾತ್ರ ಎತ್ತಿಕೊಡಲು ಸಾಧ್ಯವೇ ಎಂದು ಕೇಳಿದ್ದಕ್ಕೆ ಆತ, "ಪಾದಿ ವೀಟ್ಟೆ ತೂಕ್ಕ ಮುಡಿಯಾದುಮ್ಮಾ" ಎಂದ. ಅರ್ಧ ಮನೆಯನ್ನು ಎತ್ತಲು ಬರುವುದಿಲ್ಲ. ಪಾಲುಪತ್ರದಲ್ಲಿ ಮನೆ ಎರಡಾದರೂ ತಳಪಾಯದಲ್ಲಿ ಒಂದೇ ಇದೆಯಂತೆ. ಒಟ್ಟು ನೂರ ಅರವತ್ತನಾಲ್ಕು ಜಾಕಿ ಬೇಕು. ತಮ್ಮ ಕಡೆ ಎಂಬತ್ತೆರಡು, ನಮ್ಮ ಕಡೆ ಎಂಬತ್ತೆರಡು. ಎಲ್ಲವನ್ನೂ ಒಂದೇ ಸೀಟಿಯ ಸದ್ದಿಗೆ ಒಂದೇ ಸುತ್ತು ತಿರುಗಿಸಬೇಕು. ಕೆಲಸಕ್ಕೆ ನಲವತ್ತೈದು ದಿನ. ಆಗಸ್ಟ್ 10ಕ್ಕೆ ಶುರುವಾದರೆ ಮಳೆಗೆ ಮುಂಚೆ ಮುಗಿಯುತ್ತದೆ. ತಪ್ಪಿದರೆ ಆತ ಮತ್ತೆ ಸಿಗುವುದು ಪೊಂಗಲ್ ಆದ ಮೇಲೆ. ಅಂದರೆ ಮಳೆ ಬಂದು, ನೀರು ನಿಂತು, ಇಳಿದ ಮೇಲೆ. ಖರ್ಚಿನ ಬಗ್ಗೆ ಯಾವ ತಕರಾರೂ ಇಲ್ಲವೆಂದು ತಾವೇ ಹೇಳಿರುವುದರಿಂದ ಆ ವಿಷಯ ಇಲ್ಲಿ ಎತ್ತಿಲ್ಲ.

5. ಮೊದಲನೆಯ ಆಕ್ಷೇಪಣೆ: "ಮನೆ ಇಳಿದಿಲ್ಲ, ರಸ್ತೆ ಏರಿದೆ. ತಪ್ಪು ಮಾಡಿದ್ದು ರಸ್ತೆ, ನಾವ್ಯಾಕೆ ಏಳಬೇಕು?"

ಈ ಆಕ್ಷೇಪಣೆ ಸಂಪೂರ್ಣ ಸರಿ. ಅಳತೆ ತಮ್ಮ ಪರವಾಗಿದೆ. ಆದರೆ ಮೂವತ್ತೆಂಟು ಮನವಿಗಳಿಗೆ ಬಂದ ಉತ್ತರ ಎರಡೇ. ಒಂದು, "ಪರಿಶೀಲನೆಯಲ್ಲಿದೆ" ಎಂಬ ಕಾಗದ. ಇನ್ನೊಂದು, ಮೂವತ್ತೊಂದನೆಯ ಮನವಿ ತಲುಪಿದ ಹತ್ತನೆಯ ದಿನ ಬಂದ ರೋಲರು. ತಾವು ಸಂತೋಷದಿಂದ ಶರ್ಟು ಹಾಕಿಕೊಂಡು ಹೊರಗೆ ಬಂದು ಕೇಳಿದಾಗ, "ರೋಡು ಸರಿಯಿಲ್ಲ ಅಂತ ಈ ಮನೆಯವರು ಕಂಪ್ಲೇಂಟ್ ಕೊಟ್ಟಿದ್ದಾರೆ ಸಾರ್" ಎಂದು ಹೇಳಿ ಅವರು ಮೂರು ಇಂಚು ಹೊಸ ಡಾಂಬರು ಹಾಕಿ ಹೋದರು. ಕೆರೆಯುವುದಿಲ್ಲವೇ ಎಂದು ಅರ್ಜಿದಾರಳು ರೋಲರಿನವನನ್ನು ವಿಚಾರಿಸಲಾಗಿ, "ಹಾಕಿದ್ದನ್ನ ಅಳೆದು ಬಿಲ್ಲು ಬರೀತಾರೆ. ಕೆರೆದದ್ದನ್ನ ಯಾರು ನೋಡ್ತಾರೆ?" ಎಂದು ತಿಳಿಸಿದ. ಹದಿನಾಲ್ಕು ಇಂಚಿನಲ್ಲಿ ಮೂರು ಇಂಚು ತಮ್ಮ ಸ್ವಂತ ಅಕ್ಷರದಿಂದ ಬಂದಿರುವುದನ್ನು ಗೌರವಪೂರ್ವಕವಾಗಿ ಗಮನಕ್ಕೆ ತರಲಾಗಿದೆ.

6. ಎರಡನೆಯ ಆಕ್ಷೇಪಣೆ: "ಎತ್ತುವಾಗ ಮನೆ ಬಿರುಕು ಬಿಟ್ಟರೆ?"

ತಾವು ಇದನ್ನು ಮೇಸ್ತ್ರಿಗೇ ಕೇಳಿದಿರಿ. ಆತ ಹಜಾರದ ನಡುವಿನ ಗೋಡೆಯನ್ನು ತಟ್ಟಿನೋಡಿ ತಮಿಳಿನಲ್ಲಿ ಹೇಳಿದ್ದರ ಸಾರಾಂಶ: "ಸಾರ್, ಇದು ಆಗಲೇ ಎರಡಾಗಿದೆ. ಇನ್ನು ಬಿರುಕು ಬಿಡೋಕೆ ಜಾಗ ಎಲ್ಲಿದೆ?" ತಾವು ಆತನಿಗೆ ಕಾಫಿ ಕೊಡಬೇಡವೆಂದು ನೀರಜಕ್ಕನಿಗೆ ಸನ್ನೆ ಮಾಡಿದಿರಿ. ಅಕ್ಕ ಎರಡು ಲೋಟ ಕೊಟ್ಟರು.

ನಾಲ್ಕು ಅಡಿ ಎತ್ತಿದರೆ ರಸ್ತೆಗಿಂತ ಮೂವತ್ತನಾಲ್ಕು ಇಂಚು ಮೇಲಿರುತ್ತೇವೆ. ರಸ್ತೆ ಇದೇ ವೇಗದಲ್ಲಿ ಬೆಳೆದರೆ 2060ರ ಹೊತ್ತಿಗೆ ಮತ್ತೆ ಸಮವಾಗುತ್ತದೆ. ಅರ್ಜಿದಾರಳಿಗೆ ಆಗ ಎಪ್ಪತ್ತೆಂಟು ವರ್ಷ. ಆಗಿನ ಅರ್ಜಿಯನ್ನು ಆಗ ಸಲ್ಲಿಸಲಾಗುವುದು.

7. ಮೂರನೆಯ ಆಕ್ಷೇಪಣೆ: "ನೀನ್ಯಾಕೆ ಬರೀತಿ? ಅವನಿಗೆ ಕೈ ಇಲ್ಲವಾ, ಬಾಯಿ ಇಲ್ಲವಾ?"

ಈ ಪ್ರಶ್ನೆಯನ್ನು ಅರ್ಜಿದಾರಳು ಪತಿಯ ಮುಂದಿಟ್ಟಾಗ ಅವರು ಪೇಪರಿನಿಂದ ಮುಖ ತೆಗೆಯದೆ, "ಮೊದಲು ಅವರು ಮಾತಾಡ್ಲಿ" ಎಂದರು. ಆದರೆ ಮೊನ್ನೆ ಈ ಅರ್ಜಿಯ ಕರಡನ್ನು ಊಟದ ಮೇಜಿನ ಮೇಲೆ ಬಿಟ್ಟು ಅವಳು ಕೆಲಸಕ್ಕೆ ಹೋಗಿ ಬರುವಷ್ಟರಲ್ಲಿ ಅದರಲ್ಲಿ ಒಂದು ಕಡೆ ಪೆನ್ಸಿಲಿನಿಂದ ತಿದ್ದಿತ್ತು. ಮೆಟ್ಟಿಲು ಆರು ಇಂಚೆಂದು ಅವಳು ಬರೆದದ್ದನ್ನು ಏಳು ಮಾಡಲಾಗಿತ್ತು. ಕೇಳಿದ್ದಕ್ಕೆ, "ಆರಲ್ಲ, ಏಳೇ. ಸಿಮೆಂಟು ಗಟ್ಟಿಯಾಗೋವರೆಗೆ ಹದಿನೈದು ದಿನ ಅಣ್ಣನೂ ನಾನೂ ಕೊಡದಲ್ಲಿ ನೀರು ಹಾಕಿದೀವಿ, ನನಗೆ ಗೊತ್ತಿಲ್ವಾ?" ಎಂದರು. "ಆ ಕಡೆಯವರು" ಎನ್ನದೆ "ಅಣ್ಣ" ಎಂದದ್ದನ್ನು ಅರ್ಜಿದಾರಳು ಮದುವೆಯಾದ ಹೊಸತರಲ್ಲಿ ಕೇಳಿದ್ದು; ಆಮೇಲೆ ಈಗಲೇ. ಆದ್ದರಿಂದ ಸದರಿ ಪೆನ್ಸಿಲ್ ತಿದ್ದುಪಡಿಯನ್ನು ಅವರ ಕಡೆಯ ಮಾತೆಂದು ಪರಿಗಣಿಸಬೇಕಾಗಿ ಕೋರಿಕೆ. ಇದಕ್ಕಿಂತ ಹೆಚ್ಚಿನದು ಸದ್ಯಕ್ಕೆ ದಾಸ್ತಾನಿನಲ್ಲಿಲ್ಲ.

8. ನಾಲ್ಕನೆಯ ಆಕ್ಷೇಪಣೆಯನ್ನು ತಾವು ಬಹಿರಂಗವಾಗಿ ಮಂಡಿಸಲಿಲ್ಲ. ಹೋದ ಭಾನುವಾರ ಅರ್ಜಿದಾರಳು ಹಿಂದಿರುಗಲು ಬಾಗಿಲ ತನಕ ಬಂದಾಗ ಸಣ್ಣ ದನಿಯಲ್ಲಿ ಹೇಳಿದಿರಿ: "ನಾವು ಎದ್ದುಬಿಟ್ರೆ ನೀರು ಭೀಮಕ್ಕನ ಮನೆಗೆ ಹೋಗತ್ತಲ್ಲಮ್ಮಾ. ಅದನ್ನ ಯಾವ ಜಾಕಿ ಎತ್ತತ್ತೆ?"

 ಅಂದು ಸಂಜೆಯೇ ಅರ್ಜಿದಾರಳು ಮೇಸ್ತ್ರಿಯನ್ನೂ ಟೇಪನ್ನೂ ತೆಗೆದುಕೊಂಡು ಭೀಮಾಬಾಯಿಯವರ ಮನೆಗೆ ಹೋದಳು. ಮೇಸ್ತ್ರಿ ನೋಡಿ, ಅದರ ಗೋಡೆಗೆ ತಳಪಾಯವೇ ಇಲ್ಲ, ಜಾಕಿ ಕೊಟ್ಟರೆ ಗೋಡೆ ಪುಡಿಯಾಗಿ ಕೈಗೆ ಬರುತ್ತದೆ ಎಂದ. ನಾವು ಎದ್ದರೆ ಅವರಲ್ಲಿ ನೀರು ಇನ್ನೂ ಮೂರರಿಂದ ನಾಲ್ಕು ಇಂಚು ಏರುತ್ತದೆಂದು ಅರ್ಜಿದಾರಳ ಲೆಕ್ಕ. ಅದನ್ನು ಮುಚ್ಚಿಡದೆ ಅವರಿಗೆ ಹೇಳಿದಳು.

ಭೀಮಾಬಾಯಿಯವರ ವಯಸ್ಸು ಅರವತ್ತೊಂಬತ್ತು. ರಾಯಚೂರಿನಿಂದ ಬಂದು ನಲವತ್ತು ವರ್ಷವಾದರೂ ಅವರ ಮಾತು ಅಲ್ಲೇ ಇದೆ. "ಏಳು ಮನಿಯವ್ರು ಎತ್ತಿದ್ರು, ಐದು ಮನಿಯವ್ರು ಕಟ್ಟಿದ್ರು. ಒಬ್ರರ ಬಂದು, ಅಕ್ಕಾ, ನಿನ್ನ ಮನಿಗೆ ಎಷ್ಟು ನೀರು ಬರ್ತದ ಅಂತ ಕೇಳಿದ್ರೇನು? ನೀ ಒಬ್ಬಾಕಿ ಟೇಪ್ ಹಿಡಕೊಂಡು ಬಂದೀ, ಇನ್ನಷ್ಟು ಕೊಡ್ತೀನಿ ಅಂತ ಹೇಳಾಕ" ಎಂದು ನಕ್ಕರು. ಆಮೇಲೆ ನಗು ನಿಲ್ಲಿಸಿ, "ಎತ್ತರಿ. ನೀವೂ ಮುಳುಗಿ ನಾನೂ ಮುಳುಗಿದ್ರ ಯಾರಿಗೇನು ಬಂತು? ಆದ್ರ ಮಳಿಗಾಲಕ್ಕ ನಾ ಎಲ್ಲಿಗೆ ಹೋಗ್ಲಿ? ಮ್ಯಾಲೆ ಎದ್ದವರ ಮನಿಗೇ ಬರಾಕಿ" ಎಂದರು. ಇದು ಕೋರಿಕೆಯೋ ತೀರ್ಮಾನವೋ ಎಂದು ಅರ್ಜಿದಾರಳು ಕೇಳಲಿಲ್ಲ.

ಆದ್ದರಿಂದ, ಮೇಲ್ಕಂಡ ಎಲ್ಲ ಕಾರಣಗಳಿಂದ, ತಮ್ಮಲ್ಲಿ ಕೋರಿಕೊಳ್ಳುವುದೇನೆಂದರೆ:

(ಅ) ಪೂರ್ವದ ಅರ್ಧದ ಕೆಳಗೆ ಎಂಬತ್ತೆರಡು ಜಾಕಿ ಇಡಲು ಆಗಸ್ಟ್ 3ರೊಳಗೆ ಲಿಖಿತ ಒಪ್ಪಿಗೆ ಕೊಡುವುದು. ಸಹಿಗೆ ಜಾಗ ಬಿಡಲಾಗಿದೆ. ಪಕ್ಕದ ಸಹಿಯನ್ನು ಅರ್ಜಿದಾರಳ ಪತಿ ಆಗಲೇ ಹಾಕಿದ್ದಾರೆ, ಪೆನ್ನಿನಲ್ಲಿ.

(ಆ) ಎತ್ತಿದ ಮೇಲೆ ಪ್ರತಿವರ್ಷ ಅಕ್ಟೋಬರ್ ನಡುವಿನಿಂದ ಡಿಸೆಂಬರ್ ಕೊನೆಯ ತನಕ ಭೀಮಾಬಾಯಿಯವರಿಗೆ ತಮ್ಮ ಅರ್ಧದ ಮುಂದಿನ ಕೋಣೆಯನ್ನು ಬಿಟ್ಟುಕೊಡುವುದು. ನಮ್ಮ ಅರ್ಧದಲ್ಲಿ ಹೆಚ್ಚುವರಿ ಕೋಣೆಯಿಲ್ಲ. ತಮ್ಮಲ್ಲಿ ಇದೆ, ಮಂಚದ ಮೇಲೆ ಮನವಿಗಳ ಫೈಲುಗಳು ಮಲಗಿವೆ. ಆಕ್ಷೇಪಣೆ ತಮ್ಮದಾದ ಕಾರಣ ಪರಿಹಾರವೂ ತಮ್ಮ ಕಡೆಯಿಂದಲೇ ಬರುವುದು ನ್ಯಾಯವೆಂದು ಅರ್ಜಿದಾರಳ ಅಭಿಪ್ರಾಯ. ನೀರಜಕ್ಕ ಬಾಯಿಮಾತಿನಲ್ಲಿ ಒಪ್ಪಿದ್ದಾರೆ ಮತ್ತು ಮಂಚಕ್ಕೆ ಹೊಸ ಬೆಡ್‌ಶೀಟು ಕೊಳ್ಳಲು ಪುರಸೈವಾಕ್ಕಂಗೆ ಹೋಗಿದ್ದಾರೆ. ಬೆಳಿಗ್ಗೆಯಿಂದ ಅವರು ಮನೆಯಲ್ಲಿಲ್ಲದಿರುವುದಕ್ಕೆ ಇದೇ ಕಾರಣ.

ತಮ್ಮ ಗೋಡೆಯಾಚೆಯ ವಿಶ್ವಾಸಿ,
ಶ್ರೀಪ್ರಿಯಾ

ಲಗತ್ತುಗಳು:
1. ಬೀದಿಯ ಹದಿನಾಲ್ಕು ಮನೆಗಳ ನೆಲಮಟ್ಟದ ನಕ್ಷೆ, ಇಂಚುಗಳಲ್ಲಿ.
2. ಒಪ್ಪಿಗೆ ಪತ್ರ, ಒಂದು ಸಹಿ ಸಹಿತ.
3. ಹಪ್ಪಳ, ಒಂದು ಕಟ್ಟು.
4. ಶ್ರೀಮತಿ ಭೀಮಾಬಾಯಿಯವರು, ಖುದ್ದಾಗಿ. ಕೋಣೆ ನೋಡಲು ಬಂದಿದ್ದಾರೆ. ಈ ಅರ್ಜಿಯನ್ನು ತಮ್ಮ ಕೈಗೆ ಕೊಟ್ಟವರೇ ಅವರು.

ಸೂಚನೆ: ಲಗತ್ತು 4ಕ್ಕೆ ಬಹಳ ಹೊತ್ತು ನಿಲ್ಲಲು ಆಗುವುದಿಲ್ಲ. ಅರ್ಜಿಯ ಪರಿಶೀಲನೆ ಮುಗಿಯುವ ತನಕ ಅವರನ್ನು ಒಳಗೆ ಕೂರಿಸಿ, ನೀರಜಕ್ಕ ಇಲ್ಲದ ಕಾರಣ ತಾವೇ ಕಾಫಿ ಮಾಡಿಕೊಡಬೇಕೆಂದೂ, ಅದಕ್ಕೆ ಸಕ್ಕರೆ ಹಾಕಬಾರದೆಂದೂ ವಿನಂತಿ.