ಕಾದು ಕಾಯಿಸುವ ವಾಲ್ವ್ ಪೆಟ್ಟಿಗೆಯವರ ಸನ್ನಿಧಿಗೆ

ಗಾಜಿನ ಬುರುಡೆಗಳೊಳಗೆ ಕೆಂಡವನ್ನಿಟ್ಟುಕೊಂಡೂ ಮುಖದಲ್ಲಿ ಎಳ್ಳಷ್ಟೂ ಸಿಟ್ಟು ತೋರದ, ನನ್ನ ಗಿಟಾರಿನ ದನಿಗೆ ಧಣಿಗಳಾದ ವಾಲ್ವ್ ಆಂಪ್ಲಿಫೈಯರ್ ಅವರಿಗೆ, ತಮ್ಮ ಮುಂದೆ ಮಂಡಿಯೂರಿ ವೈರು ಚುಚ್ಚುವ ಸೇವಕನ ನಮಸ್ಕಾರಗಳು.

ಮಾನ್ಯರೇ,

ತಾವು ಕ್ಷೇಮವೆಂಬುದು ತಮ್ಮ ಬೆನ್ನ ಮೇಲೆ ಕೈಯಿಟ್ಟು ಸುಟ್ಟುಕೊಂಡಾಗಲೇ ತಿಳಿಯಿತು. ನಾನು ಅಷ್ಟು ಕ್ಷೇಮವಾಗಿಲ್ಲ. ತಮಗೆ ತಿಳಿದಂತೆ ನಮ್ಮದು ಮೂರೇ ಜನರ ತಂಡ: ಹಾಡಲು ಅಕ್ಕ, ಡ್ರಮ್ಮಿಗೆ ಭಾವ, ಗಿಟಾರಿಗೆ ನಾನು. ಪ್ರತಿ ಭಾನುವಾರ ಸಂಜೆ ಗ್ರಂಥಾಲಯದ ಎದುರಿನ ಕಾಫಿ ಅಂಗಡಿಯಲ್ಲಿ ನುಡಿಸುತ್ತೇವೆ. ತಾವು ವಾಲ್ಯೂಮಿನ ಗುಂಡಿ ಆರು ದಾಟುವವರೆಗೆ ಮುನಿಸಿಕೊಂಡವರಂತೆ ಮಂಕಾಗಿದ್ದು, ದಾಟಿದ ಮೇಲಷ್ಟೇ ಜೇನಿಗೆ ಮೆಣಸು ಕಲಸಿದ ಹಾಗೆ ಸಿಹಿಯಾಗಿ ಒಡೆದು ಹಾಡುವ ಮಹನೀಯರಾದ್ದರಿಂದ, ಅಲ್ಲಿನ ಗಿರಾಕಿಗಳು ಕಾಫಿಯನ್ನು ಸನ್ನೆಯಲ್ಲೇ ಕೇಳುವ ಕಲೆಯನ್ನು ಕರಗತ ಮಾಡಿಕೊಂಡಿದ್ದಾರೆ. ಕಳೆದ ತಿಂಗಳು ಅಕ್ಕ, "ನಾನು ಬಾಯಿ ಅಲ್ಲಾಡಿಸ್ತಿದೀನಿ ಅಂತ ಮಾತ್ರ ಜನಕ್ಕೆ ಗೊತ್ತಾಗ್ತಿದೆ ಕಣೋ. ಮನೇಲಿರೋ ಆ ಟ್ರಾನ್ಸಿಸ್ಟರ್ ಆಂಪ್ಲಿಫೈಯರ್ ಚಿಕ್ಕ ಪೆಟ್ಟಿಗೆ ತಗೊಂಡು ಬಾ, ಇಲ್ಲಾಂದ್ರೆ ಬೇರೆ ಗಿಟಾರಿನವನನ್ನ ನೋಡ್ಕೋತೀನಿ" ಎಂದು ನನ್ನ ಬುಡಕ್ಕೇ ಬಿಸಿನೀರು ಕಾಯಿಸಿಟ್ಟಳು.

ತಮ್ಮ ಮಾನ ಕಾಪಾಡಲು, ನೋಡದೆ ದನಿಯಿಂದಲೇ ಗುರುತಿಸುವ ಪರೀಕ್ಷೆಯೊಂದನ್ನು ನಾನೇ ಸೂಚಿಸಿದೆ. ಹಜಾರದಲ್ಲಿ ಹಗ್ಗ ಕಟ್ಟಿ, ಹಾಸಿಗೆಯ ಚಾದರ ಇಳಿಬಿಟ್ಟು, ಹಿಂದೆ ತಮ್ಮನ್ನೂ ಆ ಚಿಕ್ಕವರನ್ನೂ ಕೂರಿಸಿದೆವು. ವೈರು ಬದಲಿಸುವ ಹೊಣೆ ಭಾವನದು. ಎರಡನೆಯ ಸಲ ನುಡಿಸಿದೊಡನೆ ನಾನು ಕಣ್ಮುಚ್ಚಿ, "ಇದು ಇದು, ಈ ಕಾವು ಟ್ರಾನ್ಸಿಸ್ಟರಿಗೆ ಏಳು ಜನ್ಮಕ್ಕೂ ಬರಲ್ಲ" ಎಂದು ತೀರ್ಪಿತ್ತೆ. ಭಾವ ಚಾದರದಾಚೆಯಿಂದ ಕೆಮ್ಮಿದರು. ಮೈ ಕಾಯಿಸಲು ಒಂದು ಸ್ವಿಚ್ಚು, ಬಾಯಿ ತೆರೆಸಲು ಇನ್ನೊಂದು ಎಂಬ ತಮ್ಮ ದೊಡ್ಡಸ್ತಿಕೆ ಅವರಿಗೆ ತಿಳಿಯದು. ತಮ್ಮಿಂದ ಸದ್ದೇ ಬರದಿದ್ದಾಗ, ಹೇಳಿದರೆ ನಾನು ರೇಗುತ್ತೇನೆಂದು ವೈರನ್ನು ಮತ್ತೆ ಚಿಕ್ಕವರಿಗೇ ಚುಚ್ಚಿ ಒಂದು ಗುಂಡಿಯನ್ನು ಸುಮ್ಮನೆ ತಿರುವಿದ್ದರಂತೆ. ಎರಡು ಸಲವೂ ಹಾಡಿದ್ದು ಚಿಕ್ಕವರೇ. ಅಕ್ಕ ನಗಲಿಲ್ಲ. "ಏಳು ಜನ್ಮ ಬೇಡ, ಈ ಭಾನುವಾರಕ್ಕೇ ತಾ" ಎಂದಳು.

ಭಾನುವಾರ ಚಿಕ್ಕವರನ್ನೇ ಹೊತ್ತು ತಂದೆ. ಅವರ ಗುಣಗಾನಕ್ಕೆ ಪದಗಳು ಸಾಲವು. ಸ್ವಿಚ್ಚೊತ್ತಿದ ಕ್ಷಣವೇ ಹಾಜರು, ಒಂದೇ ಕೈಗೆ ಹಗುರ, ಸ್ವರಗಳೆಲ್ಲ ಇಸ್ತ್ರಿ ಮಾಡಿದ ಹಾಗೆ ನೀಟು. ಅಕ್ಕನ ಮಾತುಗಳು ಮೊದಲ ಬಾರಿಗೆ ಮೂಲೆಯ ಮೇಜಿಗೂ ತಲುಪಿದವು. ಆದರೆ ಕೊನೆಯ ಹಾಡಿನಲ್ಲಿ ಅವಳು ಪಿಸುದನಿಗಿಳಿದಾಗ, ನಾನು ತಂತಿಯನ್ನು ಎಷ್ಟೇ ಮೆಲ್ಲಗೆ ಮುಟ್ಟಿದರೂ ಚಿಕ್ಕವರ ದನಿಯ ಬಣ್ಣ ಬದಲಾಗಲಿಲ್ಲ. ಅವಳು ಏರಿದಾಗ ನಾನು ಬಲವಾಗಿ ಬಾರಿಸಿದರೆ, ತಗಡಿನ ಮೇಲೆ ಮೊಳೆ ಗೀಚಿದಂತೆ ಕಿರುಗುಟ್ಟಿದರು.

ವೈರು ಸುತ್ತುವಾಗ ಅಕ್ಕ ಬಂದು, "ನಾನು ತಗ್ಗಿದ್ರೆ ಆ ದೊಡ್ಡದೂ ತಗ್ತಿತ್ತು, ನಾನು ಅತ್ರೆ ಅದೂ ಅಳ್ತಿತ್ತು. ಇದು ಕೇಳಿಸ್ಕೊಳ್ಳೋದೇ ಇಲ್ವಲ್ಲೋ. ದೊಡ್ಡದನ್ನೇ ತಾ. ನೀನೇ ಬಾರಿಸು. ಆದ್ರೆ ಗುಂಡಿ ನನ್ನ ಕೈಲಿ" ಎಂದಳು. ಹೀಗೆ ನನ್ನ ಜಾಗ ಉಳಿಯಿತು, ತಮ್ಮ ಸ್ವಾತಂತ್ರ್ಯ ಹೋಯಿತು.

ಆದ್ದರಿಂದ ತಾವು ಕೃಪೆಯಿಟ್ಟು ಏಳರಲ್ಲಿ ಹಾಡುವುದನ್ನು ಎರಡೂವರೆಯಲ್ಲೇ ಹಾಡಬೇಕೆಂದೂ, ಸಾಧ್ಯವಾದರೆ ಹತ್ತು ಕಿಲೋ ಇಳಿಯಬೇಕೆಂದೂ, ಭಾವನನ್ನು ಕಂಡೊಡನೆ ಎರಡನೆಯ ಸ್ವಿಚ್ಚನ್ನು ತಾವೇ ಒತ್ತಿಕೊಳ್ಳಬೇಕೆಂದೂ ಪ್ರಾರ್ಥಿಸುತ್ತೇನೆ.

ಸುಟ್ಟ ಬೆರಳಿನಿಂದಲೇ ಸಹಿ ಹಾಕಿರುವ,
ತಮ್ಮ ವಿಶ್ವಾಸಿ,
ಗಿಟಾರಿನವನು

ಮರೆತಿದ್ದ ಮಾತು: ತಾವು ಬಿಸಿಯಾಗುವ ತನಕ ಜನ ಎದ್ದು ಹೋಗದಂತೆ, ಅಕ್ಕ ಮೈಕಿನಲ್ಲಿ ನನ್ನ ಬಾಲ್ಯದ ಪ್ರಸಂಗಗಳನ್ನು ಹೇಳುವುದೆಂದು ತೀರ್ಮಾನವಾಗಿದೆ. ಮೊದಲನೆಯದು ಯಾವುದೆಂದು ನನಗೆ ಗೊತ್ತು. ದಯವಿಟ್ಟು ಬೇಗ ಕಾಯಿರಿ.