ಎಣ್ಣೆ ಹಾಕಿದ ಅಳಿಯ

ಮಾವನ ಹಳೆಯ ಡೀಸೆಲ್ ವ್ಯಾನನ್ನು ಶುದ್ಧ ಸಸ್ಯಾಹಾರಿಯನ್ನಾಗಿ ಮಾಡಿಯೇ ತೀರುತ್ತೇನೆ ಎಂದು ಅಳಿಯ ಬೆಳಗಿನ ತಿಂಡಿಯ ಹೊತ್ತಿಗೆ ಘೋಷಿಸಿದ. ವಿಮಾ ಕಚೇರಿಯ ಗುಮಾಸ್ತನಾದರೂ ಎಂಜಿನ್ನುಗಳ ವಿಷಯಕ್ಕೆ ಬಂದರೆ ಅವನ ಬಾಯಿಗೆ ಬ್ರೇಕಿರಲಿಲ್ಲ.

ಹೆಂಡತಿ ತಿಂಡಿ ತಟ್ಟೆ ಕೆಳಗಿಟ್ಟಳು. ಅವಳದು ಲಾಂಡ್ರಿ. ಆಸ್ಪತ್ರೆಯ ಹೊದಿಕೆಗಳನ್ನು ಸಾಗಿಸಲು ಆ ವ್ಯಾನು ಬೇಕೇ ಬೇಕಿತ್ತು. ಅವಳ ಅಪ್ಪ, ನಿವೃತ್ತ ಡ್ರಿಲ್ ಮಾಸ್ತರು, ಒಂದು ಶರತ್ತು ಹಾಕಿದ್ದರು: "ಒಂದು ವಾರ ಓಡಿಸಿ ತೋರಿಸಿ. ಚೆನ್ನಾಗಿ ನೋಡ್ಕೊಂಡ್ರೆ ಗಾಡಿ ನಿಮ್ಮದು. ಕೆಡಿಸಿದ್ರೆ ನನ್ನ ಶೆಡ್ಡಿಗೆ ವಾಪಸ್."

"ರೀ, ಸುಮ್ನೆ ಡೀಸೆಲ್ ಹಾಕ್ಸಿ ಓಡ್ಸಿ."

"ಇದೂ ಮುಕ್ಕಾಲುಪಾಲು ಡೀಸೆಲ್ಲೇ ಕಣೆ. ನೂರಕ್ಕೆ ಇಪ್ಪತ್ತು ಪಾಲು ಮಾತ್ರ ಬಯೋಡೀಸೆಲ್, ಬೀಜದ ಎಣ್ಣೆಯಿಂದ ಮಾಡಿದ್ದು. ಗಾಡಿ ಕಂಪನಿಯವರನ್ನೇ ಫೋನಲ್ಲಿ ಕೇಳಿದೆ. 'ಇಪ್ಪತ್ತರವರೆಗೆ ಪರವಾಗಿಲ್ಲ, ಆದ್ರೆ' ಅಂದ್ರು."

"ಆದ್ರೆ ಏನಂತೆ?"

"ಅಷ್ಟು ಹೊತ್ತಿಗೆ ಥ್ಯಾಂಕ್ಸ್ ಹೇಳಿ ಇಟ್ಬಿಟ್ಟೆ."

ಎರಡು ದಿನ ವ್ಯಾನು ಹೂವಿನಂತೆ ಓಡಿತು. ಅಳಿಯನ ಎದೆ ಎರಡು ಅಂಗುಲ ಉಬ್ಬಿತು. ಮೂರನೆಯ ದಿನ ಒಗೆದ ಹೊದಿಕೆಗಳ ಮೂಟೆಯನ್ನೂ ಗಂಡ-ಹೆಂಡತಿಯನ್ನೂ ಹೊತ್ತು ಹೊರಟಾಗ, ಮಾರುಕಟ್ಟೆ ರಸ್ತೆಯಲ್ಲಿ ಅದು ಕೆಮ್ಮಿತು, ಬಿಕ್ಕಿತು, ನಿಂತೇ ಹೋಯಿತು. ಅಳಿಯ ಬಾನೆಟ್ ಎತ್ತಿ ಒಳಗೆ ಗಂಭೀರವಾಗಿ ನೋಡಿದ. ಏನನ್ನು ನೋಡಬೇಕೆಂದು ಅವನಿಗೆ ತಿಳಿದಿರಲಿಲ್ಲ.

ಹೆಂಡತಿ ಅದೇ ಕಂಪನಿಗೆ ಫೋನ್ ಮಾಡಿದಳು, ಅವರ ಮಾತು ಮುಗಿಯುವವರೆಗೂ ಕೇಳಿಸಿಕೊಂಡಳು.

"ಹಳೇ ಟ್ಯಾಂಕಲ್ಲಿ ಕೂತಿದ್ದ ಕೊಳೆಯೆಲ್ಲ ನಿಮ್ಮ ಎಣ್ಣೆಗೆ ಬಿಟ್ಕೊಂಡು ಫಿಲ್ಟರಿಗೆ ಕಟ್ಕೊಂಡಿದೆಯಂತೆ. ಹಳೇ ಗಾಡಿಗೆ ಮೊದಲ ಸಲ ಹಾಕೋರು ಹೊಸ ಫಿಲ್ಟರ್ ಜೊತೇಲಿ ಇಟ್ಕೋಬೇಕಂತೆ. ಅದೇ ಆ 'ಆದ್ರೆ'."

"ಅಂದ್ರೆ ಎಣ್ಣೇದು ತಪ್ಪಿಲ್ಲ."

"ಇಲ್ಲ. ಕೊಳೆ ಬಿಡ್ಸೋಕೆ ಮುಂಚೆ ಕೊಳೆನೀರು ಎಲ್ಲಿಗೆ ಹೋಗುತ್ತೆ ಅಂತ ನೋಡ್ಕೋಬೇಕು. ಲಾಂಡ್ರಿಯವಳ ಗಂಡನಿಗೆ ಇದೂ ಹೇಳ್ಕೊಡ್ಬೇಕಾ?"

ಬೇರೆ ದಾರಿಯಿಲ್ಲದೆ ಅವಳು ತವರಿಗೆ ಫೋನ್ ಹಚ್ಚಿದಳು. ಸುತ್ತ ಬಸ್ಸುಗಳ ಹಾರನ್ನು. "ಅಮ್ಮಾ, ಇವರು ಎಣ್ಣೆ ಹಾಕಿದಾರೆ. ನಡುರಸ್ತೇಲೇ ನಿಂತಾಯ್ತು, ಒಂದು ಹೆಜ್ಜೆ ಮುಂದಕ್ಕೆ ಹೋಗೋಕಾಗ್ತಿಲ್ಲ. ಅಪ್ಪನ ಕೈಲಿ ಬೇಗ ಫಿಲ್ಟರ್ ಕಳ್ಸು."

ಸ್ವಲ್ಪ ಹೊತ್ತಿಗೆ ಮಾವ ಬಂದಿಳಿದರು. ಕೈಯಲ್ಲಿ ಒಂದು ಫ್ಲಾಸ್ಕು. ಅಳಿಯನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಹತ್ತಿರ ಬಂದು ಮೂಗರಳಿಸಿದರು.

"ಅಳಿಯಂದಿರೇ, ಈ ಬಿಳಿ ಗೆರೆ ಮೇಲೆ ನೆಟ್ಟಗೆ ನಡೀರಿ ನೋಡೋಣ."

ಡ್ರಿಲ್ ಮಾಸ್ತರ ದನಿಗೆ ಕಾಲು ತಾನಾಗಿಯೇ ಎದ್ದಿತು. ವ್ಯಾನು ಕೊಡುವ ಮೊದಲು ಇದೂ ಒಂದು ಪರೀಕ್ಷೆಯಿರಬೇಕೆಂದು ಅವನು ಎಡ, ಬಲ ಎನ್ನುತ್ತಾ ಗೆರೆಯ ತುದಿಯವರೆಗೂ ನಡೆದ. ತರಕಾರಿ ಅಂಗಡಿಯವರು ವ್ಯಾಪಾರ ನಿಲ್ಲಿಸಿ ನಿಂತರು.

"ನೆಟ್ಟಗೇ ನಡೀತಾರಲ್ಲ," ಎಂದು ಮಾವ ಮಗಳ ಕಡೆ ತಿರುಗಿದರು. "ಎಷ್ಟು ಹಾಕಿದಾರಂತೆ?"

"ಅರ್ಧ ಟ್ಯಾಂಕು."

ಮಾವ ಫ್ಲಾಸ್ಕನ್ನು ಎದೆಗವುಚಿಕೊಂಡರು.

"ಅಯ್ಯೋ ಅಪ್ಪಾ, ಗಾಡಿಗೆ! ಎಣ್ಣೆ ಹಾಕಿರೋದು ಗಾಡಿಗೆ. ಫಿಲ್ಟರ್ ತಂದ್ರಾ?"

"ತಂದಿದೀನಲ್ಲ," ಎಂದು ಮಾವ ಮುಚ್ಚಳ ತೆಗೆದರು. ಸಕ್ಕರೆಯಿಲ್ಲದ, ಕಡುಗಪ್ಪು ಫಿಲ್ಟರ್ ಕಾಫಿ. "ಅಮಲು ಇಳಿಸೋಕೆ ಇದೇ ಮದ್ದು ಅಂತ ನಿಮ್ಮಮ್ಮ ಕಳಿಸಿದ್ಲು."

ಕೊನೆಗೆ ಮಾವನೇ ಬಿಡಿಭಾಗದ ಅಂಗಡಿಗೆ ಹೋಗಿ ಸರಿಯಾದ ಫಿಲ್ಟರ್ ತಂದು ಹಾಕಿದರು. ಹೊದಿಕೆಗಳು ಆಸ್ಪತ್ರೆ ಸೇರಿದವು. ತವರುಮನೆಯ ಗೇಟಿನ ಮುಂದೆ ಇಳಿದಾಗ ಅಳಿಯ ತೀರ್ಪಿಗಾಗಿ ತಲೆ ತಗ್ಗಿಸಿ ನಿಂತ.

"ಗಾಡಿ ಕೆಟ್ಟಿಲ್ಲ, ಟ್ಯಾಂಕು ತೊಳೆದಂಗಾಯ್ತು. ವಾರ ಮುಗಿಯೋದು ಬೇಡ, ಈಗಲೇ ಇಟ್ಕೊಳ್ಳಿ," ಎಂದರು ಮಾವ. ಕೀಲಿಯನ್ನು ಮಾತ್ರ ಮಗಳ ಕೈಗೆ ಹಾಕಿದರು.

ಅಳಿಯನಿಗೆ ನಾಚಿಕೆಯೂ ಆಯಿತು, ಹೋದ ಜೀವ ಬಂದಂತೆಯೂ ಆಯಿತು. ಎರಡೂ ಕೈ ಜೋಡಿಸಿದ. "ಮಾವ, ನಿಮ್ಮನ್ನ ಕೇಳ್ದೆ ಇನ್ಮೇಲೆ ನಾನು ಎಣ್ಣೆ ಮುಟ್ಟಲ್ಲ."

ಬಾಗಿಲು ತೆರೆದು ಹೊರಬಂದ ಅತ್ತೆಯ ಕಿವಿಗೆ ಬಿದ್ದದ್ದು ಅಷ್ಟೇ. ಅವರು ಸೆರಗಿನಿಂದ ಕಣ್ಣೊರೆಸಿಕೊಂಡು ಗಂಡನಿಗೆ ಹೇಳಿದರು: "ನೋಡಿದ್ರಾ, ನನ್ನ ಫಿಲ್ಟರ್ ಕೆಲಸ ಮಾಡ್ತು."