ಬೀನ್ಸ್ ಬಳ್ಳಿಗೆ ಸುತ್ತಿದ ಬೆಸುಗೆ ತಂತಿ

ನಮ್ಮ ಮನೆಯ ರೇಡಿಯೋ ಮಂಗಳವಾರ ಬೆಳಿಗ್ಗೆ ಬಾಯಿ ಮುಚ್ಚಿತು. ಯಜಮಾನರು ಹೋಗಿ ಹದಿನಾಲ್ಕು ತಿಂಗಳಾಗಿತ್ತು. ನಾನು ಮಾತಾಡುವಾಗ ನಡುವೆ ಬಾಯಿ ಹಾಕಲು ಈ ಮನೆಯಲ್ಲಿ ಉಳಿದಿದ್ದದ್ದು ಅದೊಂದೇ.

ಅವರು ಅಂಚೆಯವರು. ಹಗಲೆಲ್ಲ ಕಾಗದ ಹಂಚುವುದು ಕೆಲಸ. ಸಂಜೆ ಕಿಟಕಿ ಪಕ್ಕದ ಮೇಜಿನಲ್ಲಿ ರೇಡಿಯೋ ಬಿಚ್ಚುವುದು ಚಟ. ಇದನ್ನು ಅವರೇ ಕೈಯಾರೆ ಜೋಡಿಸಿದ್ದರು. ಪೆಟ್ಟಿಗೆ ಬಿಸ್ಕತ್ತಿನ ಡಬ್ಬ. ತಿರುಗಿಸುವ ಗುಂಡಿ ಟೂತ್‌ಪೇಸ್ಟಿನ ಮುಚ್ಚಳ. ನೋಡಲು ಏನೇನೂ ಚೆಂದವಿಲ್ಲ. (ಅವರೂ ಚೆಂದವಿರಲಿಲ್ಲ.) ಧ್ವನಿ ಮಾತ್ರ ಖಣಖಣ.

ಮಗಳು ಬಂದಳು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು.

"ಅಮ್ಮಾ, ಇದರ ಕಥೆ ಮುಗೀತು. ಭಾನುವಾರ ಗುಜರಿಯವನಿಗೆ ಕೊಟ್ಬಿಡೋಣ. ಹೊಸದು ತಂದ್ಕೊಡ್ತೀನಿ."

"ಹೊಸದಕ್ಕೆ ನನ್ನ ಪರಿಚಯ ಇಲ್ಲ."

"ರೇಡಿಯೋಗೆ ಪರಿಚಯ ಯಾಕಮ್ಮಾ?"

"ಭಾನುವಾರದೊಳಗೆ ಇದು ಮಾತಾಡಿದ್ರೆ?"

"ಮಾತಾಡಿದ್ರೆ ಇಟ್ಕೋ. ಯಾರು ಮಾತಾಡಿಸ್ತಾರೆ? ನೀನಾ?"

ಆ 'ನೀನಾ' ನನಗೆ ನಾಟಿತು. ಅವಳು ಅತ್ತ ಹೋದದ್ದೇ ಹಿಂದಿನ ಮುಚ್ಚಳ ಬಿಚ್ಚಿದೆ. ಸ್ಪೀಕರಿಗೆ ಹೋಗುವ ಕೆಂಪು ವೈರು ಕಿತ್ತು ಜೋತಾಡುತ್ತಿತ್ತು. ಇಷ್ಟೇನಾ! ಅಂಟಿಸಿದರೆ ಆಯಿತು. ಬೆಸುಗೆ ಹಾಕುವ ಕರೆಂಟಿನ ಕಡ್ಡಿ ಮೇಜಿನ ಮೇಲೇ ಇತ್ತು. ಬೇಕಾದದ್ದು ಕರಗಿಸುವ ತಂತಿ. ಅದು ಎಲ್ಲಿದೆಯೆಂದು ನನಗಿಂತ ಚೆನ್ನಾಗಿ ಬಲ್ಲವರು ಭೂಮಂಡಲದಲ್ಲೇ ಇರಲಿಲ್ಲ.

ಏಕೆಂದರೆ ಕದ್ದವಳು ನಾನೇ.

ಈಗ ಹೇಳಿಬಿಡುತ್ತೇನೆ. ಬೆಸುಗೆ ತಂತಿಯಂಥ ಉಪಕಾರಿ ವಸ್ತು ಸಂಸಾರಕ್ಕೆ ಇನ್ನೊಂದಿಲ್ಲ. ಬೆರಳಲ್ಲೇ ಬಾಗುತ್ತದೆ. ತುಕ್ಕು ಹಿಡಿಯುವುದಿಲ್ಲ. ಸುತ್ತಿದಂತೆ ನಿಲ್ಲುತ್ತದೆ. ಇಪ್ಪತ್ತು ವರ್ಷ ಅವರ ಮೇಜಿನಿಂದ ಮೊಳಗಟ್ಟಲೆ ಎತ್ತಿದ್ದೇನೆ. ಪೊರಕೆಯ ಬುಡಕ್ಕೆ ಅದೇ. ಕಿಟಕಿಯ ಪರದೆಗೆ ಅದೇ. ಹಿತ್ತಲಿನ ಬೀನ್ಸ್ ಬಳ್ಳಿಗೆ ಅದೇ.

"ಲೇ, ಮೇಜಿನ ಮೇಲೆ ತಂತಿ ಸುರುಳಿ ಇತ್ತಲ್ಲ?" ಎನ್ನುತ್ತಿದ್ದರು ಅವರು.

"ನಿಮ್ಮ ಸುರುಳಿ ಕಾಯೋಕೆ ನನ್ನನ್ನ ನೇಮಕ ಮಾಡಿದೀರಾ?"

"ನಿನ್ನೆ ತಾನೇ ತಂದಿದ್ದೆ ಕಣೇ."

"ಕಾಗದ ಹಂಚಿದ ಹಾಗೆ ಅದನ್ನೂ ಯಾರ ಮನೆಗೋ ಹಂಚಿ ಬಂದಿರ್ತೀರಿ."

ಅವರು ತಲೆ ಕೆರೆದುಕೊಳ್ಳುತ್ತಿದ್ದರು. ಪಾಪದ ಪ್ರಾಣಿ ಎಂದು ನಾನು ಒಳಗೊಳಗೇ ನಗುತ್ತಿದ್ದೆ.

ಹಿತ್ತಲಿಗೆ ಹೋಗಿ ಬಳ್ಳಿಯಿಂದ ಒಂದು ಗೇಣು ಬಿಚ್ಚಿ ತಂದೆ. ಒರೆಸಿದೆ. ಕಡ್ಡಿ ಕಾಯಿಸಿದೆ. ಅವರು ಮಾಡುವುದನ್ನು ಸಾವಿರ ಸಲ ನೋಡಿದ್ದೆ. ಹೀಗೆ ಮುಟ್ಟಿಸಿದರೆ ಹಾಗೆ ಕರಗಿ ಕೂರುತ್ತಿತ್ತು. ನನ್ನದೂ ಕರಗಿತು. ಕೂರಲಿಲ್ಲ. ಉಂಡೆಯಾಗಿ ಉರುಳಿ ಮಡಿಲಿಗೆ ಬಿತ್ತು. ಬಟ್ಟೆ ತೂತು. ಇನ್ನೊಂದು ಉಂಡೆ, ಇನ್ನೊಂದು ತೂತು. ಪೊರಕೆಯ ತಂತಿ ಬಿಚ್ಚಿದೆ. ಪೊರಕೆ ಹರಡಿಕೊಂಡಿತು, ವೈರು ಅಂಟಲಿಲ್ಲ. ಪರದೆಯ ತಂತಿ ಬಿಚ್ಚಿದೆ; ಪರದೆ ಬಿತ್ತು. ಶುಕ್ರವಾರ ಸಂಜೆಗೆ ನಮ್ಮ ಮನೆಯಲ್ಲಿ ಯಾವುದೂ ಯಾವುದಕ್ಕೂ ಅಂಟಿಕೊಂಡಿರಲಿಲ್ಲ.

ಶನಿವಾರ ಜಗಳ ಕಾಯಲೆಂದೇ ಬಲ್ಬಣ್ಣನ ಅಂಗಡಿಗೆ ಹೋದೆ. (ತಲೆಯ ಮೇಲೆ ಒಂದು ಕೂದಲಿಲ್ಲ, ಹೆಸರಿಟ್ಟವರು ನಮ್ಮವರು.) ಅವರು ರೇಡಿಯೋ ಸಾಮಾನು ಕೊಳ್ಳುತ್ತಿದ್ದದ್ದು ಅಲ್ಲೇ.

"ಏನಪ್ಪಾ, ಇಂಥ ಕಳಪೆ ತಂತಿನಾ ನಮ್ಮ ಯಜಮಾನ್ರಿಗೆ ಮಾರ್ತಿದ್ದದ್ದು?"

ಬಲ್ಬಣ್ಣ ನಾನು ಒಯ್ದಿದ್ದ ತಂತಿಯ ತುಂಡನ್ನು ಕತ್ತರಿಸಿ ತುದಿಯನ್ನು ಬೆಳಕಿಗೆ ಹಿಡಿದ.

"ಅಕ್ಕಾ, ಇದರ ಹೊಟ್ಟೇಲಿ ರಾಳ ಇಲ್ಲ. ರೇಡಿಯೋಗೆ ಬೇಕಾಗಿದ್ದು ಇದು ನೋಡಿ, ಸಣ್ಣದು. ಅರವತ್ತು ಪಾಲು ತವರ, ನಲವತ್ತು ಸೀಸ, ನಡುವೆ ರಾಳ. ಬಿಸಿ ತಗುಲಿದ್ರೆ ಮೊದಲು ರಾಳ ಹರಿದು ಕೊಳೆ ತೆಗೆಯುತ್ತೆ. ಆಮೇಲೆ ತವರ ಕೂರುತ್ತೆ. ಮುಟ್ಟಿದ ಮೇಲೆ ಕೈ ತೊಳ್ಕೋಬೇಕು ಅಷ್ಟೆ."

"ಅಲ್ಲಿ ದಪ್ಪಂದು ಇದೆಯಲ್ಲ, ಅದು ಕೊಡು. ಗಟ್ಟಿ ನಿಲ್ಲುತ್ತೆ."

"ಅದು ನಲ್ಲಿ ರಿಪೇರಿಯವರದು. ಅದರ ಜೊತೆ ಹಚ್ಚೋದು ಆಸಿಡ್ಡು. ನಿಮ್ಮ ವೈರನ್ನೇ ತಿಂದುಹಾಕುತ್ತೆ."

"ಹಾಗಾದ್ರೆ ನಮ್ಮವರು ಇಪ್ಪತ್ತು ವರ್ಷ ಈ ಬರೀ ಹೊಟ್ಟೆ ತಂತೀಲಿ ಹ್ಯಾಗಪ್ಪಾ ಅಂಟಿಸ್ತಿದ್ರು?"

ಬಲ್ಬಣ್ಣ ತುಂಡನ್ನು ನೋಡಿದ. ನನ್ನನ್ನು ನೋಡಿದ. ಗಲ್ಲಾಪೆಟ್ಟಿಗೆ ಕುಟ್ಟಿಕೊಂಡು ನಕ್ಕ.

"ಅಯ್ಯೋ ಅಕ್ಕಾ! ಇದು ಬಳ್ಳಿ ತಂತಿ!"

"ಯಾವ ಬಳ್ಳಿ?"

"ಅವರು ಯಾವಾಗ್ಲೂ ಎರಡು ಸುರುಳಿ ತಗೊಳ್ತಿದ್ರು. ರಾಳದ್ದೊಂದು, ಅಗ್ಗದ್ದೊಂದು. 'ಅಗ್ಗದ್ದು ಮೇಜಿನ ಮೇಲಿಡೋಕೆ ಕಣೋ. ನಮ್ಮನೆಯವಳಿಗೆ ಬಳ್ಳಿ ಕಟ್ಟೋಕೆ ಬೇಕು, ಕೇಳೋಕೆ ಬಿಗುಮಾನ' ಅಂತಿದ್ರು."

ತುಂಡನ್ನು ಅವನ ಕೈಯಿಂದ ಕಿತ್ತುಕೊಂಡೆ.

"ಮತ್ತೆ ಒಳ್ಳೇದನ್ನ ಎಲ್ಲಿಡ್ತಿದ್ರಂತೆ?"

ಅವನು ತಲೆ ಸವರಿಕೊಂಡ. "ಬೇಡ ಬಿಡಕ್ಕಾ."

"ಹೇಳೋ!"

"ನಿಮ್ಮನೇಲಿ ಹೊಲಿಗೆ ಮಿಷನ್ ಇದೆಯಂತಲ್ಲ. ಅದರ ಡ್ರಾಯರಿನಷ್ಟು ಭದ್ರವಾದ ಜಾಗ ಎಲ್ಲೂ ಇಲ್ಲ, ಅಲ್ಲಿಗೆ ಯಾರೂ ಕೈ ಹಾಕಲ್ಲ ಅಂತಿದ್ರು."

ಆ ಮಿಷನ್ನು ನಾನು ಮೂರು ದಿನ ಊಟ ಬಿಟ್ಟು ತರಿಸಿಕೊಂಡದ್ದು. ಅದರಲ್ಲಿ ಹೊಲಿದದ್ದು ಒಂದೇ ಒಂದು ದಿಂಬಿನ ಗವಸು. ಅದನ್ನೂ ನಾಲ್ಕು ಕಡೆ ಹೊಲಿದುಬಿಟ್ಟಿದ್ದೆ; ದಿಂಬು ತೂರಿಸಲು ಬಾಯಿಯೇ ಇರಲಿಲ್ಲ.

ಮನೆಗೆ ಬಂದು ಡ್ರಾಯರ್ ಎಳೆದೆ. ಅರ್ಧ ಉಳಿದ ಸಣ್ಣ ಸುರುಳಿ. ಪಕ್ಕದಲ್ಲಿ ನನ್ನ ಸೂಜಿ ಪೊಟ್ಟಣ, ಒಡೆದೂ ಇಲ್ಲ.

ಕಡ್ಡಿ ಕಾಯಿಸಿ ತಂತಿ ಮುಟ್ಟಿಸಿದೆ. ರಾಳದ ಹೊಗೆ ಎದ್ದಿತು. ಅವರ ಸಂಜೆಯ ವಾಸನೆ. ಆಮೇಲೆ ತವರ ತಾನೇ ಹರಿದು, ಹೇಳಿದ ಮಾತು ಕೇಳುವ ಮಗುವಿನ ಹಾಗೆ, ಜಾಗದಲ್ಲಿ ಕೂತಿತು.

ಭಾನುವಾರ ಮಗಳು ಬಾಗಿಲಲ್ಲೇ ನಿಂತಳು. ಒಳಗೆ ರೇಡಿಯೋ ಹವಾಮಾನ ಹೇಳುತ್ತಿತ್ತು.

"ಯಾರಮ್ಮಾ ಮಾಡಿದ್ದು?"

"ನಾನು."

"ನೀನಾ!" ಎಂದಳು. ಈ ಸಲದ್ದು ಕೇಳಲು ಹಿತವಾಗಿತ್ತು.

ಗುಜರಿಯವನು ಬೀದಿಯಲ್ಲಿ ಕೂಗಿದ. ಬರಿಗೈಯಲ್ಲಿ ಕಳಿಸುವುದೇಕೆಂದು ಮಗಳು ಹೊಲಿಗೆ ಮಿಷನ್ನಿನ ಕಡೆ ನೋಡಿದಳು.

"ಅದನ್ನ ಮುಟ್ಟೀಯ ಜೋಕೆ," ಎಂದೆ.

ಈಗ ನಾನೇ ಎರಡು ಸುರುಳಿ ತರುತ್ತೇನೆ. ಅಗ್ಗದ್ದು ಮೇಜಿನ ಮೇಲೆ. ಒಳ್ಳೆಯದು ಡ್ರಾಯರಿನಲ್ಲಿ. ಏನು ಮಾಡುವುದು, ಮನೆಯಲ್ಲಿ ಕಳ್ಳಿ ಇನ್ನೂ ಇದ್ದಾಳೆ.